ನಕಾಶೆಯಲ್ಲಿ ಹದಿನಾರು ಮೈಲಿ

ನಂಜನಗೂಡು ಬಿಟ್ಟಾಗ ಬೆಳಗಿನ ಐದು ಗಂಟೆ, ಮಾಗಿಯ ಚಳಿ. "ಮೂರಕ್ಕೇ ಒಂಟ್ಬುಡಾನ ಸ್ವಾಮಿ" ಎಂದು ಗಾಡಿ ಹೊಡೆಯುವ ಕವಲಂದೆಯ ಸಿದ್ದಯ್ಯ ಹಿಂದಿನ ದಿನವೇ ಹೇಳಿದ್ದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಹಾರಾಜರ ಕಚೇರಿಯಲ್ಲಿ ನಕಾಶೆ ಬರೆಯುವವನಲ್ಲವೇ ನಾನು! ಅಡಿಪಟ್ಟಿ ಇಟ್ಟು ನೋಡಿದ್ದೆ: ತಿರುಮಕೂಡಲು ನರಸೀಪುರಕ್ಕೆ ಹದಿನಾರೇ ಮೈಲಿ. ಎತ್ತುಗಳು ಗಂಟೆಗೆ ಮೂರು ಮೈಲಿ ನಡೆದರೆ ಹತ್ತೂವರೆಗೆ ಅಕ್ಕನ ಮನೆಯಲ್ಲಿರುತ್ತೇನೆ.

ಹನ್ನೊಂದಕ್ಕೆ ಅಕ್ಕನ ಮಗಳಿಗೆ ಕಿವಿ ಚುಚ್ಚುವ ಮುಹೂರ್ತ. ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಅದಕ್ಕಿರುವ ಸೋದರಮಾವ ನಾನೊಬ್ಬನೇ. ನಾಮಕರಣಕ್ಕೆ ನಾನು ಹೋಗಿರಲಿಲ್ಲ. ಅಂದಿನಿಂದ ಅಕ್ಕನ ಅತ್ತೆ, "ನಿನ್ನ ತವರಿಗೆ ನೀನು ಬೇಡವಾದೆ" ಎಂದು ಆಡಿಕೊಳ್ಳುತ್ತಿದ್ದರಂತೆ. "ಈ ಸಲ ನನ್ನ ಮಾನ ಉಳಿಸು" ಎಂದು ಅಕ್ಕ ಕಾಗದ ಬರೆದಿದ್ದಳು.

ಮೊದಲೆರಡು ಗಂಟೆ ಸುಖವಾಗಿತ್ತು. ಕೆಳಗೆ ಮೆತ್ತಗೆ ಹುಲ್ಲು, ಪಕ್ಕದಲ್ಲಿ ಅಕ್ಕನಿಗೆಂದು ತಂದ ರಸಬಾಳೆಯ ಗೊನೆ. ಆಮೇಲೆ ದಾರಿ ತನ್ನ ಬುದ್ಧಿ ತೋರಿಸಿತು. ಕಪಿಲಾ ಹೊಳೆ ಬಳಸಿದ ಕಡೆಯೆಲ್ಲ ತಾನೂ ಬಳಸಿತು.

"ಇನ್ನೆಷ್ಟು ದೂರ ಸಿದ್ದಯ್ಯ?"

"ಮೂರು ಎಲೆಯಡ್ಕೆ."

ಒಮ್ಮೆ ಹಾಕಿಕೊಂಡ ಎಲೆಯಡಿಕೆ ಬಾಯಲ್ಲಿ ಮುಗಿಯುವವರೆಗೆ ಸಾಗಿದ್ದೇ ಅವನಿಗೆ ಒಂದು ಅಳತೆ. ನಾನು ನಕ್ಕು, ನಕಾಶೆ ಬಿಚ್ಚಿ ನನ್ನ ಗೆರೆ ತೋರಿಸಿದೆ.

"ಈ ನೀಲಿ ಏನು ಸ್ವಾಮಿ?"

"ಹೊಳೆ."

"ನಿಮ್ ಗೆರೆ ಒಳೇಗೇ ಇಳಿದದಲ್ಲ! ಕಾಗೆ ಆದ್ರೆ ಆರ್ಕೊಂಡು ಓಯ್ತದೆ. ನನ್ನೆತ್ಗೆ ರೆಕ್ಕೆ ಇಲ್ವಲ್ಲ."

ನಕಾಶೆ ಮಡಿಸಿಟ್ಟೆ.

ಹತ್ತೂವರೆಯಾದರೂ ಊರಿನ ಸುಳಿವಿಲ್ಲ. ನನಗೆ ಅಳುವೊಂದು ಬಾಕಿ. "ಇನ್ನೆಷ್ಟು?" ಎಂದೆ. "ಒಂದೇ ಎಲೆಯಡ್ಕೆ" ಎಂದ ಸಿದ್ದಯ್ಯ ಬಾಯಲ್ಲಿದ್ದುದನ್ನು ಉಗಿದು, ಗಾಡಿಯಿಂದ ಧುಮುಕಿ ಎತ್ತುಗಳ ಜೊತೆಗೇ ಓಡತೊಡಗಿದ. ಭಾರ ಕಡಿಮೆಯಾಗಲೆಂದು ನಾನೂ ಇಳಿದು ಓಡಿದೆ.

ತಿರುವಿನಲ್ಲಿ ಹೊಂಗೆ ಮರದ ಕೆಳಗೆ ಹಳದಿ ಸೀರೆಯೊಂದು ಕಂಡಿತು. ಅಕ್ಕ! ಕಂಕುಳಲ್ಲಿ ಮಗು, ಹಿಂದೆ ಭಾವ, ಪೆಟ್ಟಿಗೆ ಹಿಡಿದ ಅಕ್ಕಸಾಲಿ, ಏದುಸಿರು ಬಿಡುತ್ತಿದ್ದ ಅವಳ ಅತ್ತೆ.

"ನೀನು ಅಡಿಪಟ್ಟಿ ನಂಬ್ಕೊಂಡು ಹೊರಟಿರ್ತೀಯ ಅಂತ ಗೊತ್ತಿತ್ತು ಕಣೋ" ಎಂದಳು ಅಕ್ಕ. "ಅದಕ್ಕೇ ಎಲ್ಲರನ್ನೂ ಎದುರಿಗೇ ಕರ್ಕೊಂಡು ಬಂದೆ. ಬೇಗ ಕೂತ್ಕೊ, ಮುಹೂರ್ತ ಮೀರುತ್ತೆ."

ಗಾಡಿಯ ಹುಲ್ಲಿನ ಮೇಲೆಯೇ ಕೂತೆ. ತೊಡೆಯ ಮೇಲಿದ್ದ ಮಗು, ಕಿವಿ ಚುಚ್ಚಿದ್ದೇ ತಡ, ನನ್ನ ಅಂಗಿಯನ್ನು ಬಿಗಿಯಾಗಿ ಹಿಡಿದು ಕಿರುಚಿತು. ಅಷ್ಟು ಜನ ಹತ್ತಿರವಿದ್ದರೂ ಅದು ಹಿಡಿದದ್ದು ನನ್ನನ್ನೇ. ಎಂಥ ಸಂತೋಷವಾಯಿತು! ಅಕ್ಕನ ಅತ್ತೆ ಗೊನೆಯಿಂದ ಒಂದು ಹಣ್ಣು ಸುಲಿದು ಅದರ ಬಾಯಿಗಿಟ್ಟರು. ಮಿಕ್ಕಿದ್ದನ್ನು ತಾವೂ ತಿಂದು, "ತವರಿನ ಹಣ್ಣು ಸಿಹಿಯಾಗಿದೆ" ಎಂದು ಅಕ್ಕನಿಗೆ ಹೇಳಿದರು. ಅಕ್ಕ ಮರದ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ನನ್ನನ್ನು ಕಳಿಸಲು ಅವಳು ಆ ಹೊಂಗೆ ಮರದವರೆಗೂ ನಡೆದು ಬಂದಳು. ಗಾಡಿ ತಿರುವು ದಾಟುವವರೆಗೆ ಅಲ್ಲೇ ನಿಂತಿದ್ದಳು. ನಾನು ನಕಾಶೆ ಬಿಚ್ಚಿ, ಸೀಸದಕಡ್ಡಿಯಿಂದ ಅಲ್ಲೊಂದು ಮರ ಬರೆದೆ.

"ಅದ್ಯಾಕೆ ಸ್ವಾಮಿ?" ಎಂದ ಸಿದ್ದಯ್ಯ.

"ಅಕ್ಕನ ಮನೆ ಇಲ್ಲಿಂದಲೇ ಶುರು ಸಿದ್ದಯ್ಯ."