ಗೂಡಿನಲ್ಲಿರದ ಬಾಟಲಿ

ಹನ್ನೊಂದು ತಿಂಗಳು ಸೊನ್ನೆ. ಆಮೇಲೆ ಹದಿನೆಂಟು ದಿನಗಳಲ್ಲಿ ಮೂರು.

ನಮ್ಮಕ್ಕನಿಗೆ ಬಂದ ಫಿಟ್ಸ್‌ನ ಲೆಕ್ಕವಿದು. ನನ್ನ ಡೈರಿಯಲ್ಲಿ ಎಲ್ಲವೂ ಇದೆ: ಗುಳಿಗೆ ನುಂಗಿದ ಹೊತ್ತು, ನಿದ್ದೆಯ ತಾಸು, ಜ್ವರ, ಉಪವಾಸ. (ಮನೆಯಲ್ಲಿ ನನ್ನನ್ನು ಊರ ಲೆಕ್ಕ ಬರೆಯುವ ತಲಾಟಿ ಎಂದೇ ಕರೆಯುತ್ತಾರೆ.) ಮೂರನೆಯದು ಮನಗೂಳಿ ಬಸ್‌ಸ್ಟ್ಯಾಂಡಿನಲ್ಲಿ, ಹಾಡಹಗಲೇ ಬಂತು. ಬಸ್ಸು ಹಿಂದಕ್ಕೆ ಸರಿಯುತ್ತಿತ್ತು. ಅಕ್ಕನ ತಲೆಗೂ ಚಕ್ರಕ್ಕೂ ಎರಡು ಗೇಣು ಅಂತರವಿದ್ದಾಗ, ಬಸ್ಸಿನ ಮೈ ಬಡಿದು ಬಡಿದು ನಿಲ್ಲಿಸಿದೆ.

ಮರುದಿನವೇ ವಿಜಯಪುರದ ಡಾಕ್ಟರ ಮುಂದೆ ಕುಳಿತೆವು. ಅವರು ಡೈರಿ ತಿರುವಿ ನೋಡಿದರು. ಒಂದು ಗುಳಿಗೆಯೂ ತಪ್ಪಿಲ್ಲ. ಹಾಗಿದ್ದರೆ ಡೋಸ್ ಹೆಚ್ಚಿಸಬೇಕಾಗುತ್ತದೆ ಎಂದರು. ಅಕ್ಕ ಬೇಡವೆಂದು ತಲೆಯಾಡಿಸಿದಳು. ಇನ್ನೊಂದು ತಿಂಗಳಿಗೆ ಶಿಕ್ಷಕರ ಪರೀಕ್ಷೆ. ಕಳೆದ ಸಲ ಡೋಸ್ ಏರಿಸಿದಾಗ ಪುಸ್ತಕದ ಮೇಲೆಯೇ ನಿದ್ದೆ ಹೋಗುತ್ತಿದ್ದಳು.

ಬೇರೆ ಔಷಧ ಏನಾದರೂ? ಡಾಕ್ಟರು ಕೇಳಿದರು. ಇಲ್ರಿ ಎಂದಳು ಅವ್ವ. ನಾನೂ ಇಲ್ಲ ಎಂದೆ.

ಸುಳ್ಳು ಹೇಳಿದೆವೇ? ಇಲ್ಲ. ನಮ್ಮ ಮನೆಯಲ್ಲಿ ಔಷಧ ಎಂದರೆ ದೇವರ ಜಗಲಿ ಪಕ್ಕದ ಗೋಡೆಯ ಗೂಡಿನಲ್ಲಿ, ದೇವರ ಕಣ್ಣೆದುರು ಇರುವುದು. ಅಡುಗೆಮನೆಯಲ್ಲಿ ಇರುವುದೆಲ್ಲ ಊಟ.

ಡಾಕ್ಟರು ಪೆನ್ನು ಕೆಳಗಿಟ್ಟು ಅಕ್ಕನನ್ನೇ ಕೇಳಿದರು.

"ಮುಂಜಾನಿ ಎದ್ದಾಗಿಂದ ಬಾಯಾಗ ಏನೇನ್ ಹಾಕೋತಿ, ಒಂದೊಂದ ಹೇಳವಾ."

ಚಹಾ. ಗುಳಿಗೆ. ರೊಟ್ಟಿ.

"ಆಮ್ಯಾಲೆ ಚಿಗವ್ವ ಕೊಟ್ಟ ನೆನಪಿನ ಕ್ಯಾಪ್ಸೂಲ್ರಿ."

ನಿಡಗುಂದಿಯ ಚಿಗವ್ವ ಪರೀಕ್ಷೆಗೆಂದು ತಂದುಕೊಟ್ಟ ಬಾಟಲಿ. ಅಡುಗೆಮನೆಯಲ್ಲಿ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ ಪಕ್ಕ ಇರುತ್ತಿತ್ತು. ದಿನಕ್ಕೆರಡು. ಶುರುವಾಗಿದ್ದು ಈ ಮೂರರಲ್ಲಿ ಮೊದಲ ಫಿಟ್ಸ್‌ಗೆ ಒಂದು ವಾರ ಮುಂಚೆ. ಎಷ್ಟೋ ಸಲ ನೀರು ಕೊಟ್ಟವನು ನಾನೇ. ಡೈರಿಯಲ್ಲಿ ಮಾತ್ರ ಒಂದಕ್ಷರವಿಲ್ಲ.

ಅಪ್ಪನಿಗೆ ಫೋನ್ ಮಾಡಿ ಬಾಟಲಿಯ ಚೀಟಿಯ ಫೋಟೊ ತರಿಸಿಕೊಂಡೆವು. ಅದರಲ್ಲಿದ್ದ ಒಂದು ಎಲೆಯ ಸಾರದ ಹೆಸರಿನ ಮೇಲೆ ಡಾಕ್ಟರು ಬೆರಳಿಟ್ಟರು. ಇಂಥವು ಕೆಲವರಲ್ಲಿ ಫಿಟ್ಸ್ ಗುಳಿಗೆಯ ಬಲ ಕುಗ್ಗಿಸಬಹುದು, ಆದರೆ ಇದರಿಂದಲೇ ಬಂತೆಂದು ಆಣೆ ಮಾಡಲಾರೆ ಎಂದರು. ಕ್ಯಾಪ್ಸೂಲ್ ಬಂದ್. ಗುಳಿಗೆ ಮಾತ್ರ ಯಾವ ಕಾರಣಕ್ಕೂ ಬಿಡಬಾರದು. ಡೋಸ್ ವಿಚಾರ ಎರಡು ವಾರದ ನಂತರ.

ಇಂದಿಗೆ ಒಂಬತ್ತು ದಿನ. ಸೊನ್ನೆ. (ಒಂಬತ್ತು ದಿನದಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಒಳಗೆ ತಾಟು ಬಿದ್ದ ಸದ್ದಾದರೂ ಓಡುತ್ತೇನೆ.)

ನಿನ್ನೆ ಚಿಗವ್ವ ಬಂದಿದ್ದಳು. ಸಿಟ್ಟಿನಲ್ಲಿದ್ದಳು. ತನ್ನ ಮಗನೂ ಅದನ್ನೇ ತಿಂದು ಪಾಸಾಗಿದ್ದಾನಂತೆ.

"ಗಿಡದ ಎಲಿ ಅದು. ಅದೇನ್ ಮಾಡತೈತಿ?"

ಅಕ್ಕ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಏನೂ ಮಾಡೂದಿಲ್ಲಂದ್ರ, ನೆನಪಾದ್ರೂ ಹೆಂಗ ಹೆಚ್ಚಸತೈತಿ ಚಿಗವ್ವ?"