ಕಣ್ಣು ಬರೆಯದ ಚಿತ್ರ

1927ರ ಶ್ರಾವಣ. ಬೆಳಗಾವಿಯಲ್ಲಿ ಚಿತ್ರಕಲೆಯ ತರಗತಿಗೆ ಸೇರಿ ನನಗೆ ಎರಡನೆಯ ವರ್ಷ. ಮುಗಿಸಿದ ಪ್ರತಿ ಚಿತ್ರದ ಹಿಂದೆ ತಾರೀಖು ಹಾಕುವುದು ನನ್ನ ರೂಢಿ. ಆ ವರ್ಷ ತಾರೀಖಿಲ್ಲದೆ ಉಳಿದದ್ದು ಒಂದೇ ಚಿತ್ರ.

ಖಾನಾಪುರದಲ್ಲಿ ನನ್ನ ಸೋದರತ್ತೆ ಗಂಗವ್ವನ ಮನೆ. ಅವರದು ಕುಂಬಾರಿಕೆ. ಶ್ರಾವಣದಲ್ಲಿ ಮನೆ ತುಂಬ ಮಣ್ಣಿನ ಗಣಪತಿಗಳು. ರೈಲಿನಿಂದಿಳಿದು ಹೋದರೆ, ನೀರು ಕೊಡುವ ಮೊದಲೇ ಅತ್ತೆ ಕೇಳಿದಳು: "ಹಾಳಿ ತಂದೀಯೇನೋ? ನಮ್ಮ ಬಸೂನ್ನ ಬರದು ಕೊಡು. ಅವನ ಮಾರಿ ನನಗ ಮರತ ಹೋಗಾಕತ್ತೈತಿ."

ಬಸು ಅವಳ ಒಬ್ಬನೇ ಮಗ. ಹಿಂದಿನ ವರ್ಷ ಜ್ವರದಲ್ಲಿ ಹೋಗಿದ್ದ. ಅವನ ಫೋಟೋ ಒಂದೂ ಇರಲಿಲ್ಲ.

ಅತ್ತೆ ಮಣ್ಣು ನಾದುತ್ತ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. "ಗದ್ದ ನಮ್ಮಪ್ಪಂದು, ಮೂಗು ಅವರಪ್ಪಂದು. ಇಬ್ರೂ ಕೂಡಿ ಪೇರಲ ಕದ್ದೀರಿ, ನಿನಗ ನೆನಪಿಲ್ಲೇನು?" ಬರೆದು ತೋರಿಸಿದೆ. "ಇಂವ ಯಾರೋ? ಟಪಾಲಿನವನಂಗ ಅದಾನ!"

ಗದ್ದ ಸರಿ, ಮೂಗು ಸರಿ. ಆದರೂ ಬಸು ಅಲ್ಲ. ಏನು ತಪ್ಪಿದೆ ಎಂದೇ ತಿಳಿಯಲಿಲ್ಲ. ಸಿಟ್ಟಿನಿಂದ ಅಂಗೈಯಲ್ಲಿ ತುಟಿಯನ್ನು ಒರೆಸಿಬಿಟ್ಟೆ. ಆ ಮಸುಕಿನಲ್ಲೇ ತುಟಿಯ ಅಂಚಿಗೆ ಅವನ ಅರ್ಧ ನಗು ಬಂದು ಕೂತಿತು. ಅತ್ತೆಯ ಕೈ ನಿಂತಿತು. ನನಗೆ ಸಂತೋಷಕ್ಕಿಂತ ಹೆದರಿಕೆಯಾಯಿತು. ಇದನ್ನು ಬರೆದದ್ದು ನಾನೋ, ತಾನೇ ಆದದ್ದೋ?

ಆ ಮನೆಯಲ್ಲಿ ಗಣಪತಿಗೆ ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ನಾನೂ ಬಸುವಿನ ಕಣ್ಣನ್ನು ಕೊನೆಗೆಂದೇ ಬಿಟ್ಟಿದ್ದೆ. ಈಗ ಪೆನ್ಸಿಲ್ ಎತ್ತಿದಾಗ ಅತ್ತೆ ಕೆಸರುಗೈಯಲ್ಲೇ ನನ್ನ ಮಣಿಕಟ್ಟು ಹಿಡಿದಳು.

"ಬ್ಯಾಡ."

"ಕಣ್ಣಿಲ್ಲದ ಮಾರಿ ಹೆಂಗ, ಅತ್ತಿ? ಮಾಸ್ತರು ನಗತಾರ."

"ಗಣಪತಿಗೆ ಕಣ್ಣ ಬರದ ಮ್ಯಾಲೆ ಏನ್ಮಾಡ್ತೀವಿ?"

"ಪೂಜಿ ಮಾಡ್ತೀವಿ."

"ಆಮ್ಯಾಲೆ?"

ನಾನು ಪೆನ್ಸಿಲ್ ಕೆಳಗಿಟ್ಟೆ.

"ಹೊಳಿಗೆ ಬಿಡ್ತೀವಿ. ಇವನ್ನ ಒಮ್ಮೆ ಕಳಿಸೀನಿ, ಸಾಕು. ಹಿಂಗ ಇರಲಿ ಮನ್ಯಾಗ."

ಬೆಳಗಾವಿಗೆ ಬಂದು ಮಾಸ್ತರರಿಗೆ ಹೇಳಿದೆ. "ಅರ್ಧಾ ಚಿತ್ರಕ್ಕ ಚಿತ್ರ ಅಂತಾರೇನೋ? ಮುಂದಿನ ಸಲ ಹೋದಾಗ ಮುಗಿಸಿ ಬಾ," ಎಂದರು. ಅದೂ ಸರಿ ಎನಿಸಿತು.

ದೀಪಾವಳಿಗೆ ಹೋದಾಗ ಅತ್ತೆ ಅಡುಗೆಮನೆಯ ಗೋಡೆಗೆ ಹಾಕಿದ್ದ ಚಿತ್ರದತ್ತ ನೋಡಿ, "ಬಸ್ಯಾ, ನಿಮ್ಮ ಭಾವ ಬಂದ ನೋಡು," ಎಂದಳು. ಅವಳು ಆಚೆ ಹೋದಾಗ ಚಿತ್ರವನ್ನು ಇಳಿಸಿದೆ. ಒಂದು ಮೂಲೆಯಲ್ಲಿ ಅವಳ ಕೆಸರುಬೆರಳಿನ ಗುರುತು ಒಣಗಿತ್ತು. ಕಣ್ಣು ಬರೆಯಲು ಮನಸ್ಸಾಗಲಿಲ್ಲ. ತಿರುಗಿಸಿ ತಾರೀಖು ಹಾಕೋಣವೆಂದರೆ, ಯಾವ ದಿನದ್ದು? ನಗು ಬಂದ ದಿನವೇ ಅದು ಮುಗಿದಿತ್ತೋ, ಇನ್ನೂ ಮುಗಿದೇ ಇಲ್ಲವೋ ನನಗೆ ಇಂದಿಗೂ ಗೊತ್ತಾಗಿಲ್ಲ. ಅತ್ತೆಯ ಹೆಜ್ಜೆ ಕೇಳಿಸಿತು. ಚಿತ್ರವನ್ನು ಇದ್ದಲ್ಲೇ ತೂಗುಹಾಕಿದೆ.