ನೀರು ಹಾಕದೆ ಗುಡಿಸಿದ ಹನ್ನೊಂದು ವರ್ಷ

ಅಡುಗೆಮನೆಯ ಕಟ್ಟೆಗೆ ಹಾಸುವ ಕೃತಕ ಕಲ್ಲನ್ನು ಕತ್ತರಿಸುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ನಲವತ್ತೊಂಬತ್ತು. ಕೆಲಸ, ಗುಡಿಸುವುದು. ಬೆಳಿಗ್ಗೆ ಏಳೂಮುಕ್ಕಾಲಿಗೆ ಒಂದು ಸಲ, ಊಟದ ಬಿಡುವಿನಲ್ಲಿ ಇನ್ನೊಂದು ಸಲ. ಮೂರು ಗರಗಸ, ಒಂದು ಪಾಲಿಶ್ ಮೆಷಿನ್ನು ಇರುವ ಶೆಡ್ಡು. ಅದರ ಮುಂದೆ ಗಾಜಿನ ಬಾಗಿಲು. ಬಾಗಿಲಾಚೆ ಗಿರಾಕಿಗಳಿಗೆ ಕಲ್ಲು ತೋರಿಸುವ ಶೋರೂಮು. ಶೋರೂಮಿನಲ್ಲಿ ಎ.ಸಿ. ಇತ್ತು, ಗಾಳಿ ಶುದ್ಧ ಮಾಡುವ ಯಂತ್ರವೂ ಇತ್ತು. ಶೆಡ್ಡಿನಲ್ಲಿ ಗೋಡೆಗೆ ಕೂರಿಸಿದ ದೊಡ್ಡ ಫ್ಯಾನೊಂದಿತ್ತು; ತಿರುಗದ ಹಾಗೆ ಅದನ್ನು ತಂತಿಯಿಂದ ಕಟ್ಟಿದ್ದರು. ಶೆಡ್ಡಿನ ಹಿಂದಿರುವ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಾರೆ. ಫ್ಯಾನು ಹೊರಗೆಸೆದ ಧೂಳು ಹಸಿ ಬಣ್ಣದ ಮೇಲೆ ಕೂತಿತೆಂದು ಗ್ಯಾರೇಜಿನವರು ಜಗಳಕ್ಕೆ ಬಂದರು. ಅಂದೇ ಫ್ಯಾನು ನಿಂತಿತು. ಕಾರಿನ ಮೇಲೆ ಕೂತ ಧೂಳಿನ ವಿಚಾರ ಒಂದೇ ಮಧ್ಯಾಹ್ನದಲ್ಲಿ ಇತ್ಯರ್ಥವಾಯಿತು. ಎದೆಯೊಳಗೆ ಕೂತ ಧೂಳಿನ ವಿಚಾರಕ್ಕೆ ಅಷ್ಟು ಅವಸರ ಯಾರಿಗೂ ಇರಲಿಲ್ಲ.

ಅಕ್ಕನನ್ನು ಅಲ್ಲಿಗೆ ಸೇರಿಸಿದ್ದು ಅವರ ತಮ್ಮ. ಅವನು ಗರಗಸದ ಕೆಲಸದಲ್ಲಿದ್ದ. ಪೆನ್ಸಿಲ್ ಗೆರೆಯಿಂದ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕತ್ತರಿಸುತ್ತಿದ್ದರಿಂದ ಅವನಿಗೆ ಗೆರೆ ಮೇಸ್ತ್ರಿ ಎಂಬ ಹೆಸರು ಬಿದ್ದಿತ್ತು. ಗರಗಸಗಳಿಗೆ ನೀರಿನ ನಲ್ಲಿ ಇದೆ. ನೀರು ಬಿಟ್ಟುಕೊಂಡು ಕತ್ತರಿಸಿದರೆ ಧೂಳು ಕೆಸರಾಗಿ ಕೆಳಗಿಳಿಯುತ್ತದೆ. ಆದರೆ ನೀರು ಬಿದ್ದರೆ ಪೆನ್ಸಿಲ್ ಗೆರೆ ಅಳಿಸುತ್ತದೆ, ಚರಂಡಿ ಕಟ್ಟುತ್ತದೆ, ದಿನಕ್ಕೆ ಆರು ಕಲ್ಲಾಗುವ ಕಡೆ ನಾಲ್ಕೇ ಆಗುತ್ತವೆ. ಹಾಗಾಗಿ ಸೂಪರ್‌ವೈಸರು ಮೂರೂ ನಲ್ಲಿಗಳ ಹಿಡಿಯನ್ನೇ ಬಿಚ್ಚಿ ತನ್ನ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದ.

ಕೆಲಸಕ್ಕೆ ಸೇರಿದ ಮೊದಲ ವಾರ ಅಕ್ಕ ಒಂದು ಬಕೆಟ್ ನೀರು ಹಿಡಿದು ಶೆಡ್ಡಿಗೆ ಬಂದರು.

"ಏನಮ್ಮಾ ಇದು, ಗದ್ದೆ ಉಳೋಕೆ ಬಂದ್ಯಾ?" ಎಂದ ಸೂಪರ್‌ವೈಸರು.

"ಸ್ವಲ್ಪ ಚಿಮುಕಿಸಿ ಗುಡಿಸಿದ್ರೆ ಧೂಳು ಏಳಲ್ಲ ಸಾರ್. ಮನೇಲೆಲ್ಲ ಹಾಗೇ ಅಲ್ವಾ ಮಾಡೋದು."

"ಇದು ನಿನ್ನ ಮನೆ ಅಲ್ಲ. ಕೆಸರು ಕಾಲಲ್ಲಿ ಇವರೆಲ್ಲ ಶೋರೂಮ್ ತುಳಿದ್ರೆ ಗಿರಾಕಿ ನನ್ನ ಮುಖಕ್ಕೆ ಉಗೀತಾನೆ. ಒಣಗಿದ್ದನ್ನ ಒಣಗಿದ ಹಾಗೇ ಗುಡಿಸು."

ಪೊರಕೆ ಹಿಡಿದ ಯಾರಿಗಾದರೂ ಗೊತ್ತಿರುವ ಸಂಗತಿಯನ್ನು ಹೇಳಿದ್ದಕ್ಕೆ ಸಿಕ್ಕ ಉತ್ತರ ಅದು. ಅಕ್ಕ ಬಕೆಟ್ಟನ್ನು ಹೊರಗೆ ಚೆಲ್ಲಿ, ತಲೆಗೆ ಕಟ್ಟಿದ ಬಟ್ಟೆಯನ್ನು ಮೂಗಿಗಿಳಿಸಿ ಗುಡಿಸಿದರು.

ಅಕ್ಕ, ತಮ್ಮ ಇಬ್ಬರದೂ ಒಂದೇ ಮನೆ, ಎರಡು ಕೋಣೆಯದು. ಸಂಜೆ ಬಂದ ತಮ್ಮ ಬಾಗಿಲೊಳಗೆ ನಿಂತು ಅಂಗಿ ಕೊಡವುತ್ತಿದ್ದ. ಹೊರಗೆ ಕೊಡವಿದರೆ ಪಕ್ಕದ ಮನೆಯಾಕೆ ಒಣಗಿಸಿದ ಬಟ್ಟೆಗೆ ಬೀಳುತ್ತದೆಂಬ ಸಂಕೋಚ. ಕಲ್ಲಿಗೆ ಸುತ್ತಿ ಬರುವ ದಪ್ಪ ಪ್ಲಾಸ್ಟಿಕ್ ಹಾಳೆಗಳನ್ನು ಮನೆಗೆ ತಂದು ಅಡುಗೆಮನೆಯ ಗೂಡುಗಳಿಗೆ ಹಾಸಿದ್ದರು. ಅವುಗಳ ಮೇಲೆ ಏಳು ಭಾಷೆಗಳಲ್ಲಿ ಏನೋ ಅಚ್ಚಾಗಿತ್ತು. ಇವರ ಭಾಷೆ ಆ ಏಳರಲ್ಲಿ ಇರಲಿಲ್ಲ. ಪಕ್ಕದಲ್ಲಿ ಮೂತಿಗೆ ಮುಸುಕು ಕಟ್ಟಿದವನೊಬ್ಬನ ಚಿತ್ರವಿತ್ತು. "ನಾನು ಅದನ್ನ ಆಸ್ಪತ್ರೆಗೆ ಸಾಮಾನು ಕಳಿಸೋ ಪ್ಲಾಸ್ಟಿಕ್ಕು ಅಂದ್ಕೊಂಡಿದ್ದೆ. ಒಳ್ಳೇದೇ, ಶುದ್ಧವಾಗಿರುತ್ತೆ ಅಂತ ಉಪ್ಪಿನ ಡಬ್ಬಿ ಕೆಳಗೆ ಹಾಕಿದ್ದೆ" ಎನ್ನುತ್ತಾರೆ ಅಕ್ಕ.

ಮೂವತ್ತಾರನೇ ವಯಸ್ಸಿಗೇ ತಮ್ಮನಿಗೆ ಎರಡು ಮೆಟ್ಟಿಲು ಹತ್ತಲು ಆಗದಂತಾಯಿತು. ಟಿ.ಬಿ. ಎಂದು ಆರು ತಿಂಗಳು ಮಾತ್ರೆ ನುಂಗಿಸಿದರು. ಮೂವರು ಡಾಕ್ಟರು ನೋಡಿದ ಮೇಲೆ, "ಏನು ಕೆಲಸ ಮಾಡ್ತೀಯಪ್ಪಾ?" ಎಂದು ಕೇಳಿದ್ದು ನಾಲ್ಕನೆಯವರು. ಕಲ್ಲು ಎಂಥದ್ದು ತೋರಿಸಿ ಎಂದಾಗ ಅಕ್ಕ ಗೂಡಿನ ಹಾಳೆಯನ್ನೇ ಮಡಚಿ ತಂದರು. ಡಾಕ್ಟರು ಓದಿ ಹೇಳಿದರು: ಒಣಗಿದಂತೆ ಕತ್ತರಿಸಬಾರದು, ಒಣಗಿದಂತೆ ಗುಡಿಸಬಾರದು, ಧೂಳು ಉಸಿರಿಗೆ ಹೋದರೆ ಶ್ವಾಸಕೋಶ ಗಟ್ಟಿಕಟ್ಟುತ್ತದೆ, ಅದು ವಾಸಿಯಾಗುವುದಿಲ್ಲ. ತಯಾರಿಸಿದವರಿಗೆ ಗೊತ್ತಿತ್ತು. ತರಿಸಿದವರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಕತ್ತರಿಸುವವನಿಗೆ, ಗುಡಿಸುವವಳಿಗೆ.

ಇದು ಕೆಲಸದಿಂದ ಬಂದ ಕಾಯಿಲೆ ಎಂದು ಕಾರ್ಮಿಕರ ಕಚೇರಿ ಬರೆದುಕೊಟ್ಟರೆ ಮಾತ್ರ ತಮ್ಮನಿಗೆ ಮನೆಯಲ್ಲೇ ಆಮ್ಲಜನಕದ ಯಂತ್ರ, ಜೀವವಿರುವಷ್ಟು ದಿನ ಔಷಧಿ ಸಿಗುತ್ತಿತ್ತು. ಬರೆದುಕೊಡಬೇಕಾದರೆ ಶೆಡ್ಡಿನ ಗಾಳಿಯನ್ನು ಅಳೆದು, ಧೂಳು ಮಿತಿ ಮೀರಿದೆ ಎಂದು ಸಾಬೀತಾಗಬೇಕು. ಡಾಕ್ಟರ ಚೀಟಿ ಸಾಲದು. ಅಕ್ಕ ಅರ್ಜಿ ಹಾಕಿದರು.

"ನಿನ್ನ ತಮ್ಮ ಸಿಗರೇಟು ಸೇದಿ ಹಾಳಾದ, ನಮ್ಮ ಮೇಲ್ಯಾಕೆ ಹಾಕ್ತೀಯಾ?" ಎಂದ ಸೂಪರ್‌ವೈಸರು.

"ಅವನು ಜನ್ಮದಲ್ಲಿ ಹೊಗೆ ಕಂಡಿದ್ದೇ ಒಲೆ ಮುಂದೆ ಸಾರ್. ಸೇದಿದ್ದು ನಿಮ್ಮ ಕಲ್ಲನ್ನೇ."

ಅರ್ಜಿಗೆ ಹನ್ನೊಂದು ತಿಂಗಳು ಹಿಡಿಯಿತು. ಅಳೆಯುವ ದಿನ ನಿಗದಿಯಾದಾಗ ಕಚೇರಿಯವರು ಕಾಗದ ಬರೆದದ್ದು ಮಾಲೀಕರಿಗೆ, ಅಕ್ಕನಿಗಲ್ಲ. ಹಿಂದಿನ ದಿನ ಸಂಜೆ ಸೂಪರ್‌ವೈಸರು ಎಲ್ಲರಿಗೂ ರಜೆ ಕೊಟ್ಟ.

"ನಾಳೆ ಕರೆಂಟಿಲ್ಲ. ಒಂದು ಮೆಷಿನ್ನೂ ಓಡಲ್ಲ. ನೀನೊಬ್ಬಳು ಬಾ. ಸಾಹೇಬರ ಕಣ್ಣಿಗೆ ಒಂದು ಕಣ ಧೂಳು ಬೀಳಬಾರದು. ತೊಲೆ, ಕಿಟಕಿ, ಗರಗಸದ ಹೊಟ್ಟೆ, ಎಲ್ಲಾ ಕನ್ನಡಿ ಆಗ್ಬೇಕು."

ಅಕ್ಕ ಮನೆಗೆ ಬಂದು ತಮ್ಮನ ಮಂಚದ ಪಕ್ಕ ಕೂತರು. ತಮ್ಮನ ಪರವಾಗಿ ಇದ್ದ ಒಂದೇ ಸಾಕ್ಷಿಯನ್ನು ತಾವೇ ಕೈಯಾರೆ ಗುಡಿಸಿ ಎಸೆಯಬೇಕು.

"ನಾನು ಹೋಗಲ್ಲ ಕಣೋ."

"ಹೋಗು ಅಕ್ಕಾ." ಅವನು ಎರಡು ಮಾತಿನ ನಡುವೆ ಉಸಿರು ಎಳೆದುಕೊಂಡ. "ನೀನು ಹೋಗದಿದ್ರೆ... ಇನ್ಯಾರನ್ನಾದ್ರೂ ಕರೀತಾರೆ. ಕಳ್ಳನ ಮನೆ ಹುಡುಕೋಕೆ ಬರ್ತೀವಿ ಅಂತ... ಕಳ್ಳನಿಗೇ ಕಾಗದ ಹಾಕೋರು. ಅವರ ಹತ್ರ ನಿನ್ನದೇನು ನಡೆಯುತ್ತೆ?"

ಅಳೆಯಲು ಬಂದವಳು ಇಪ್ಪತ್ತೇಳೆಂಟರ ತಂತ್ರಜ್ಞೆ. ಸೊಂಟಕ್ಕೆ ಸಿಕ್ಕಿಸುವ ಸಣ್ಣ ಪಂಪು, ಅದರಿಂದ ಒಂದು ಕೊಳವೆ, ಕೊಳವೆಯ ತುದಿಗೆ ಗುಂಡಿಯಂಥ ಡಬ್ಬಿ, ಒಳಗೊಂದು ತೂಕ ಮಾಡಿದ ತೆಳು ಕಾಗದ. ಮೂಗಿನ ಹತ್ತಿರ, ಕೊರಳಪಟ್ಟಿಗೆ ಆ ಡಬ್ಬಿಯನ್ನು ಸಿಕ್ಕಿಸಿಕೊಂಡು ಒಬ್ಬರು ಇಡೀ ಪಾಳಿ ಓಡಾಡಬೇಕು. ಸೂಪರ್‌ವೈಸರು ಶೋರೂಮಿನ ಗುಮಾಸ್ತನನ್ನು ಮುಂದೆ ತಳ್ಳಿದ. ಶೆಡ್ಡಿನಲ್ಲಿ ಕೆಲಸ ಮಾಡುವವರೇ ಬೇಕು ಎಂದಳು ಆಕೆ. ಅಂದು ಶೆಡ್ಡಿನಲ್ಲಿದ್ದುದು ಅಕ್ಕ ಒಬ್ಬರೇ.

ಸೂಪರ್‌ವೈಸರನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಈಯಮ್ಮನಿಗೇ ಹಾಕಿ ಮೇಡಂ. ಇವಳು ಕಲ್ಲು ಮುಟ್ಟೋಳೇ ಅಲ್ಲ, ಬರೀ ಗುಡಿಸೋಳು."

ಎಂಟೂವರೆಗೆ ಪಂಪು ಗುಂಯ್ ಎಂದಿತು. ಅಕ್ಕ ಹೇಳಿದ್ದನ್ನು ಹೇಳಿದಂತೆ ಮಾಡಿದರು. ಏಣಿ ಹಾಕಿ ತೊಲೆಗಳನ್ನು ಒರೆಸಿದಾಗ ವರ್ಷಗಳಿಂದ ಕೂತಿದ್ದ ಪುಡಿ ಹಿಟ್ಟಿನಂತೆ ಇಳಿಯಿತು. ಕೆಳಗಿಳಿದು ಅದನ್ನು ಗುಡಿಸಿದರೆ ಮತ್ತೆ ಮೇಲೆದ್ದು ತೊಲೆಗೆ ಹೋಯಿತು. ಸೂಪರ್‌ವೈಸರು ಗಾಜಿನ ಬಾಗಿಲಾಚೆ ಎ.ಸಿ.ಯಲ್ಲಿ ನಿಂತು ಬೆರಳು ತೋರಿಸುತ್ತಿದ್ದ: ಆ ಮೂಲೆ. ಈ ಮೂಲೆ. ಫ್ಯಾನಿನ ಹಿಂದೆ. ತಂತ್ರಜ್ಞೆ ತನ್ನ ಮುಖಕ್ಕೆ ಬಿಗಿಯಾದ ಮುಸುಕೊಂದನ್ನು ಎಳೆದುಕೊಂಡು, ಚೀಲದಿಂದ ಇನ್ನೊಂದನ್ನು ತೆಗೆದು ಅಕ್ಕನಿಗೆ ಕೊಟ್ಟಳು.

"ದಿನಾ ಹೀಗೇ ಗುಡಿಸ್ತೀರಾ ಅಮ್ಮಾ?"

"ದಿನಾ ತೊಲೆ ಇಲ್ಲ. ನೆಲ, ಗರಗಸ ಮಾತ್ರ. ಎರಡು ಹೊತ್ತು."

"ನೀರು ಹಾಕಲ್ವಾ?"

"ಹಾಕಬಾರದು ಅಂತ ಅಪ್ಪಣೆ."

"ಯಾರದು?"

ಅಕ್ಕ ಪೊರಕೆಯ ಹಿಡಿಯಿಂದ ಗಾಜಿನ ಕಡೆ ತೋರಿಸಿದರು. ತಂತ್ರಜ್ಞೆ ಗಡಿಯಾರ ನೋಡಿ ಬರೆದುಕೊಂಡಳು. ಕರೆಂಟಿಲ್ಲ ಎಂದು ತನಗೂ ಹೇಳಿದ್ದ ಕಾರ್ಖಾನೆಯಲ್ಲಿ ಎ.ಸಿ. ಓಡುತ್ತಿರುವುದನ್ನೂ ಬರೆದುಕೊಂಡಳು.

ಸಂಜೆ ಶೆಡ್ಡು ನಿಜವಾಗಿಯೂ ಕನ್ನಡಿಯಾಗಿತ್ತು. ಸೂಪರ್‌ವೈಸರು ಖುಷಿಯಾಗಿ ತಂತ್ರಜ್ಞೆಗೆ ಟೀ ತರಿಸಿದ. ನೆಲ ಹೊಳೆದರೆ ಗಾಳಿಯೂ ಶುದ್ಧವೆಂದು ನಂಬಿದವನು ಅವನು. ಅದೇ ನಂಬಿಕೆಯಲ್ಲಿ ಹನ್ನೊಂದು ವರ್ಷ ಗುಡಿಸಿದವರು ಅಕ್ಕ. ಎಲ್ಲ ಮುಗಿಯಿತೆಂದು ಅಳುತ್ತ ಮನೆಗೆ ಹೋದರು.

ನಾಲ್ಕು ವಾರಕ್ಕೆ ಫಲಿತಾಂಶ ಬಂತು. ಇರಬಹುದಾದ ಮಿತಿಯ ಒಂಬತ್ತು ಪಟ್ಟು. ಒಂದೂ ಗರಗಸ ಓಡದ ದಿನ.

ವಿಚಾರಣೆಯ ದಿನ ಸೂಪರ್‌ವೈಸರು ಲಿಖಿತ ಉತ್ತರ ತಂದಿದ್ದ. ಅಧಿಕಾರಿ ಅದನ್ನು ಗಟ್ಟಿಯಾಗಿ ಓದಿದರು: "ಗುಡಿಸುವ ಮಹಿಳೆಯ ಅಜಾಗರೂಕತೆಯಿಂದ ಅಂದು ಅನಾವಶ್ಯಕವಾಗಿ ಧೂಳೆದ್ದಿದೆ. ಇದಕ್ಕೆ ಸಂಸ್ಥೆ ಹೊಣೆಯಲ್ಲ."

ಅಲ್ಲಿಯವರೆಗೆ ಬೆಂಚಿನ ತುದಿಯಲ್ಲಿ ಕೂತಿದ್ದ ಅಕ್ಕ ಎದ್ದರು.

"ಸಾಹೇಬ್ರೇ, ಪೊರಕೆ ಇವರದು. ಧೂಳು ಇವರದು. ಗುಡಿಸು ಅಂದಿದ್ದು ಇವರು, ನೀರು ಹಾಕ್ಬೇಡ ಅಂದಿದ್ದು ಇವರು. ಅಜಾಗರೂಕತೆ ಒಂದು ಮಾತ್ರ ನನ್ನದಾ?"

"ಕೂತ್ಕೋಮ್ಮಾ, ಕೂತ್ಕೊ" ಎಂದ ಸೂಪರ್‌ವೈಸರು.

"ಹನ್ನೊಂದು ವರ್ಷ ನಿಂತೇ ಇದ್ದೆ ಸಾರ್, ಆಗ ಕೂತ್ಕೊ ಅನ್ಲಿಲ್ಲ. ನಲ್ಲಿ ಹಿಡಿ ಎಲ್ಲಿದೆ ಅಂತ ಹೇಳಿ, ಕೂತ್ಕೋತೀನಿ."

ಅಧಿಕಾರಿ ತಲೆಯೆತ್ತಿದರು. "ಯಾವ ಹಿಡಿ?"

ಅಕ್ಕ ಮೇಜಿನ ಡ್ರಾಯರಿನ ವಿಷಯ ಹೇಳಿದರು. ಅಂದು ಮಧ್ಯಾಹ್ನವೇ ಕಚೇರಿಯವರು ಹೋಗಿ ಡ್ರಾಯರು ತೆಗೆಸಿದರು. ಮೂರು ಹಿಡಿಗಳೂ ಅಲ್ಲೇ ಇದ್ದವು, ಬಿಚ್ಚಿದ ದಿನದ ಹಾಗೆ ಹೊಸದಾಗಿ.

ತಮ್ಮನಿಗೆ ಕಾಗದ ಸಿಕ್ಕಿತು. ಆಮ್ಲಜನಕದ ಯಂತ್ರ ಈಗ ಅವನ ಮಂಚದ ಪಕ್ಕದಲ್ಲಿದೆ. ಗರಗಸಗಳಿಗೆ ನೀರು ಬಂದಿದೆ. ಗೆರೆಯನ್ನು ನೀರಿಗೆ ಅಳಿಸದ ಬಳಪದಿಂದ ಎಳೆಯುತ್ತಾರೆ. ಆ ಬಳಪ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಮೊದಲೂ ಸಿಗುತ್ತಿತ್ತು. ಮಾಲೀಕರಿಗೆ ದಂಡ ಬಿತ್ತು. ಅಕ್ಕನನ್ನು ಕೆಲಸದಿಂದ ತೆಗೆದರು. ಕಾರಣ ಬರೆದ ಚೀಟಿಯಲ್ಲಿ ಅದೇ ಪದ: ಅಜಾಗರೂಕತೆ.

ಫಲಿತಾಂಶದ ಕಾಗದವನ್ನು ತಂತ್ರಜ್ಞೆ ಅಕ್ಕನಿಗೆ ಓದಿ ಹೇಳಿದಾಗ ಒಂದು ಮಾತು ಸೇರಿಸಿದ್ದಳು. "ಅಮ್ಮಾ, ಈ ಒಂಬತ್ತು ಪಟ್ಟು ಅನ್ನೋದು ಶೆಡ್ಡಿನ ಗಾಳಿ ಮಾತ್ರ ಅಲ್ಲ. ಡಬ್ಬಿ ಇದ್ದಿದ್ದು ನಿಮ್ಮ ಕೊರಳ ಹತ್ತಿರ. ಮುಸುಕಿಲ್ಲದ ದಿನಗಳಲ್ಲಿ ನೀವು ಉಸಿರಾಡಿದ್ದು ಇಂಥದ್ದನ್ನೇ."

ತಮ್ಮನ ಯಂತ್ರ ಬಂದ ಮರುವಾರ ಅಕ್ಕ ಎಕ್ಸ್‌ರೇ ತೆಗೆಸಿಕೊಂಡರು. ಎರಡೂ ಕಡೆ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕೆಗಳು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕಾರ್ಮಿಕರ ಕಚೇರಿಗೆ ಹೋಗಿ ಅದೇ ಕಿಟಕಿಯ ಮುಂದೆ ನಿಂತರು.

"ನಿಮ್ಮ ತಮ್ಮಂದು ಆಯ್ತಲ್ಲಮ್ಮಾ," ಎಂದ ಒಳಗಿನ ಗುಮಾಸ್ತ. "ಮತ್ತೆ ಇದ್ಯಾರದು?"

"ನನ್ನದು."

ಗುಮಾಸ್ತ ಹೊಸ ಅರ್ಜಿ ತೆಗೆದುಕೊಟ್ಟ. ಈಗ ಅಲ್ಲಿ ಕೆಲಸದಲ್ಲಿ ಇಲ್ಲದವರಾದ್ದರಿಂದ ಇನ್ನೂ ಒಂದು ನಮೂನೆ ಬೇಕಾಗುತ್ತದೆ, ಅದಕ್ಕೆ ಸಂಸ್ಥೆಯವರ ಸಹಿ ಆಗಬೇಕು, ಸಮಯ ಹಿಡಿಯುತ್ತದೆ ಎಂದ.

"ಎಷ್ಟು ಹಿಡಿಯುತ್ತೆ?"

"ಹೇಳಕ್ಕಾಗಲ್ಲ. ಕೆಮ್ಮು ಜಾಸ್ತಿ ಇದ್ಯಾ?"

"ಸದ್ಯಕ್ಕಿಲ್ಲ," ಎಂದರು ಅಕ್ಕ. "ಅದಕ್ಕೇ ಈಗಲೇ ಬಂದೆ. ಪೆನ್ನು ಕೊಡಿ."